ಮೊದಲು ಗೇಟು, ಆಮೇಲೆ ಮಾತು

ಅಜಯಕುಮಾರನ ಫೋನು ಈಗ ಲುಂಬಿನಿಯ ಬ್ಯಾಗಿನಲ್ಲಿದೆ. ಅವನನ್ನು ಮಣ್ಣು ಮಾಡಿ ಬಂದ ಮರುದಿನ ಅವನ ಹೆಂಡತಿ ಭಾಗ್ಯ ಅದನ್ನು ಚಾರ್ಜರಿನ ಸಮೇತ ತಂದು ಅವಳ ಮಡಿಲಲ್ಲಿಟ್ಟಳು.

“ನೀ ಇಟ್ಕೋ ಅಕ್ಕಾ. ಯಾರ್ಡಿನಿಂದ ಫೋನ್ ಬಂದ್ರ ನಾ ಏನಂತ ಹೇಳ್ಲಿ? ತೂಕದ ಕಾಟಾ ನಿಂತದ ಅಂತಾರ, ಗೇಟ್ ಏಳವಲ್ದು ಅಂತಾರ. ನನಗೇನು ತಿಳೀತದ?”

ಲುಂಬಿನಿ ಫೋನು ತೆಗೆದುಕೊಂಡಳು. ಅದು ಯಾವ ಗಳಿಗೆಯಲ್ಲಾದರೂ ಹೊಡೆದುಕೊಳ್ಳಬಹುದು ಅನ್ನಿಸಿತು. ಊಟದ ನಡುವೆ, ಮಾತಿನ ನಡುವೆ, ಒಮ್ಮೆ ಅವನದೇ ಮದುವೆಯ ಅಕ್ಕಿಕಾಳಿನ ನಡುವೆ ಆ ಫೋನು ಹೊಡೆದುಕೊಂಡಿತ್ತು. ಪ್ರತಿ ಸಲವೂ ಅವನು ಬೆಚ್ಚಿಬಿದ್ದು ‘ಈಗ ಎದ್ದೆ’ ಎನ್ನುತ್ತಿದ್ದ. ಕುಳಿತಿದ್ದರೆ ತಾನೇ ಏಳುವುದು ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು. ಏಕೆಂದರೆ ಅಜಯಕುಮಾರ ಕುಳಿತದ್ದನ್ನು ನೋಡಿದವರು ಕಡಿಮೆ.

ಅವನು ಶಹಾಬಾದಿನವನು. ತಂದೆ ಭಗವಂತ ಕಲ್ಲಿನ ಖಣಿಯಲ್ಲಿ ಪರ್ಸಿ ಹಾಸುಗಲ್ಲು ಎಬ್ಬಿಸುವ ಕೆಲಸದಲ್ಲಿದ್ದವರು. ಮಗ ಕಲಬುರಗಿಯಲ್ಲಿ ಕಂಪ್ಯೂಟರ್ ಓದಿದ. ಚಿತ್ತಾಪುರದ ಲುಂಬಿನಿ ಅದೇ ತರಗತಿಯಲ್ಲಿದ್ದಳು. ಓದು ಮುಗಿದ ಮೇಲೆ ಇಬ್ಬರೂ ಸೇರಿ ಸೇಡಂನಲ್ಲಿ, ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಎರಡು ಮೇಜು ಹಾಕಿ ಕೆಲಸ ಶುರು ಮಾಡಿದರು. ಮಳಖೇಡದ ಹಾದಿಯಲ್ಲಿರುವ ಒಂದು ಸಿಮೆಂಟು ಕಾರ್ಖಾನೆಯ ಲಾರಿ ಯಾರ್ಡಿಗೆ ತೂಕದ ಪ್ರೋಗ್ರಾಮು ಬರೆದುಕೊಟ್ಟರು. ಅದೇ ಅವರ ದೊಡ್ಡ ಕೆಲಸ, ಅದೇ ಅನ್ನ.

ದಿನವೂ ಅವನು ಶಹಾಬಾದಿನಿಂದ ವಾಡಿಗೆ ಬಂದು ಪ್ಯಾಸೆಂಜರ್ ಹತ್ತುತ್ತಿದ್ದ, ಅವಳು ಚಿತ್ತಾಪುರದಲ್ಲಿ. ಗಾಡಿ ಬಂದು ನಿಲ್ಲುವಾಗ ಅವನು ಬಾಗಿಲಲ್ಲಿ ಸರಳು ಹಿಡಿದು ನಿಂತಿರುತ್ತಿದ್ದ.

“ಜಾಗಾ ಖಾಲಿ ಅದಲ್ಲೋ, ಕುಂದ್ರು.”

“ಕುಂತ್ರ ತಲಿ ನಿಲ್ತದ.”

“ನಿಲ್ಲಲಿ ಒಂದೀಟು. ನೋಡೋರಿಗರೆ ತ್ರಾಸ್ ಕಡಿಮಿ ಆಗ್ತದ.”

ಅವನು ನಗುತ್ತಿದ್ದ, ಕೂರುತ್ತಿರಲಿಲ್ಲ. ಮೊದಲಿನಿಂದಲೂ ಹಾಗೆಯೇ ಇದ್ದ ಮನುಷ್ಯ. ಲಾರಿ ಡ್ರೈವರ್ ರೇವಣಪ್ಪನ ಘಟನೆಯಾದ ಮೇಲೆ ಅದು ಇನ್ನಷ್ಟು ಹೆಚ್ಚಾಯಿತು.

ಯಾರ್ಡಿನಲ್ಲಿ ಎರಡು ಕಾಟಾಗಳಿವೆ. ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಪ್ರತಿ ಕಾಟಾದ ಮುಂದೊಂದು ಹಿಂದೊಂದು ಗೇಟು. ಲಾರಿ ಹತ್ತಿದ ಕೂಡಲೇ ಎರಡೂ ಇಳಿಯುತ್ತವೆ; ತೂಕ ದಾಖಲಾದ ಮೇಲೆ ಮುಂದಿನದು ಏಳುತ್ತದೆ. ನಡುವೆ ಡ್ರೈವರ್ ಬಾಗಿಲು ತೆರೆಯುವಂತಿಲ್ಲ. ತೆರೆದರೆ ತೂಕ ರದ್ದು, ಮತ್ತೆ ಪಾಳಿಯ ಕೊನೆಗೆ.

ಆ ಪಾಳಿಗೂ ಒಂದು ರೂಢಿ ಇದೆ. ಚೀಟಿ ಕೊಡುವ ಕಿಟಕಿಯ ಕಟ್ಟೆಯ ಮೇಲೆ ಪ್ರತಿ ಡ್ರೈವರೂ ಅಂಗೈಯಗಲದ ಶಹಾಬಾದಿ ಕಲ್ಲಿನ ಚೂರೊಂದನ್ನು ಇಡುತ್ತಾನೆ, ಮೇಲೆ ಸೀಮೆಸುಣ್ಣದಲ್ಲಿ ಲಾರಿಯ ನಂಬರು. ಕಲ್ಲು ಪಾಳಿ ಹಿಡಿದಿರುತ್ತದೆ, ಮನುಷ್ಯ ಬೇವಿನ ನೆರಳಲ್ಲಿ ಮಲಗಿರುತ್ತಾನೆ. ಕಾಟಾ ಹತ್ತಿದರೂ ತೂಕದ ಚೀಟಿ ಕೈಗೆ ಬರುವ ತನಕ ಕಲ್ಲು ಅಲ್ಲೇ ಇರುತ್ತದೆ. ಇನ್ನೊಬ್ಬರ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಎಂಥ ಜಗಳಗಂಟನೂ ಮುಟ್ಟುವುದಿಲ್ಲ.

ಪ್ರೋಗ್ರಾಮಿನ ಒಳಗೂ ಅಜಯಕುಮಾರ ಇಂಥದ್ದೇ ಏರ್ಪಾಟು ಮಾಡಿದ್ದ. ಒಂದೇ ಪ್ರೋಗ್ರಾಮು ಏಕಕಾಲಕ್ಕೆ ಹಲವು ಕೆಲಸ ಮಾಡಬೇಕಾದಾಗ ಅದರೊಳಗೆ ಹಲವು ಎಳೆಗಳು ಓಡುತ್ತವೆ, ಥ್ರೆಡ್ ಅನ್ನುತ್ತಾರೆ. ಒಂದೊಂದು ಕಾಟಾಕ್ಕೆ ಒಂದೊಂದು ಥ್ರೆಡ್. ಆದರೆ ಯಾರ್ಡಿನ ದಾಖಲೆ ಎರಡಕ್ಕೂ ಸೇರಿ ಒಂದೇ. ಎರಡೂ ಥ್ರೆಡ್ ಒಮ್ಮೆಲೇ ಅದರಲ್ಲಿ ಬರೆಯಲು ಹೋದರೆ ಗೋಜಲಾಗುತ್ತದೆ. ಹಾಗಾಗಿ ಒಂದು ಲಾಕ್, ಒಂದೇ ಕೀಲಿಯ ಹಾಗೆ. ಲಾಕ್ ಹಿಡಿದವನು ಬರೆಯಬೇಕು, ಬರೆದು ಬಿಡಬೇಕು. ಅಲ್ಲಿಯ ತನಕ ಇನ್ನೊಬ್ಬ ಕಾಯಬೇಕು.

ಬಿಡದಿದ್ದರೆ?

ಆ ಮೇ ತಿಂಗಳ ಮಧ್ಯಾಹ್ನ ಸುಲೇಪೇಟದ ರೇವಣಪ್ಪ ಮೊದಲ ಕಾಟಾ ಹತ್ತಿದ್ದ. ಸಕ್ಕರೆ ಕಾಯಿಲೆಯ ಮನುಷ್ಯ, ತೂಕ ಮುಗಿಸಿ ಉಣ್ಣೋಣ ಎಂದುಕೊಂಡಿದ್ದ. ಅದೇ ಹೊತ್ತಿಗೆ ಎರಡನೇ ಕಾಟಾದ ಥ್ರೆಡ್ ಲಾಕ್ ಹಿಡಿದು, ಲಾರಿಯ ಫೋಟೋ ದಾಖಲಿಸಲು ಹೋಗಿ, ಕಂಪ್ಯೂಟರಿನ ಮೆಮೊರಿ ಸಾಲದೆ ಸತ್ತುಬಿತ್ತು. ಲಾಕ್ ಅದರ ಕೈಯಲ್ಲೇ ಉಳಿಯಿತು. ಮೊದಲ ಕಾಟಾದ ಥ್ರೆಡ್ ಕಾಯತೊಡಗಿತು. ಗೇಟು ಏಳಲಿಲ್ಲ.

ಚೀಟಿ ಕೊಡುವ ಕಿಟಕಿಯ ಒಳಗೆ ಕುಳಿತ ತಸ್ಲೀಮ್ ಪರದೆ ನೋಡಿದಳು. ‘ಸ್ವಲ್ಪ ಕಾಯಿರಿ’ ಎಂಬ ಅಕ್ಷರದ ಪಕ್ಕ ಚಕ್ರ ತಿರುಗುತ್ತಲೇ ಇತ್ತು. ಜೀವಂತವಾಗಿರುವಂತೆಯೇ ಕಾಣುತ್ತಿತ್ತು. ಅವಳು ಅಜಯಕುಮಾರನಿಗೆ ಫೋನು ಮಾಡಿದಳು.

“ಥೋಡೆ ತಡೀರಿ ತಸ್ಲೀಮ್ ಆಪಾ, ಬಿದ್ದಿದ್ರ ತಾನೇ ಮತ್ತ ಶುರು ಆಗ್ತದ” ಎಂದ ಅವನು. ಪ್ರೋಗ್ರಾಮು ಸತ್ತರೆ ಅದನ್ನು ಮತ್ತೆ ಎಬ್ಬಿಸಲು ಅವನು ಒಂದು ಪುಟ್ಟ ಕಾವಲು ಪ್ರೋಗ್ರಾಮು ಇಟ್ಟಿದ್ದ. ಅದರ ಮೇಲೆ ಅವನಿಗೆ ಪೂರ್ತಿ ಭರವಸೆ.

ಬೇವಿನ ನೆರಳಿನ ಡ್ರೈವರುಗಳು ಕಟ್ಟೆಯ ಕಡೆ ನೋಡಿದರು. ರೇವಣಪ್ಪನ ಕಲ್ಲು ಇದ್ದಲ್ಲೇ ಇತ್ತು. ಅಂದರೆ ಅವನ ಪಾಳಿ ನಡೆದಿದೆ. ಅವರು ಮತ್ತೆ ಒರಗಿದರು. ರೇವಣಪ್ಪ ಕಾದ ಕಬ್ಬಿಣದ ಕ್ಯಾಬಿನ್ನಿನಲ್ಲಿ ಬಾಗಿಲು ತೆರೆಯದೆ ಕುಳಿತಿದ್ದ. ತೆರೆದರೆ ಪಾಳಿ ಹೋಗುತ್ತದೆ.

ಕೊನೆಗೆ ತಸ್ಲೀಮಳೇ ಎದ್ದು ಹೊರಗೆ ಬಂದು ನೋಡಿದಾಗ ಅವನ ತಲೆ ಸ್ಟೇರಿಂಗಿನ ಮೇಲಿತ್ತು. ಕಾರ್ಖಾನೆಯ ಆಂಬುಲೆನ್ಸು ಬಂದು ಗೇಟಿನ ಆಚೆ ನಿಂತಿತು. ಈಚೆ ಲಾರಿ, ಲಾರಿಯ ಹಿಂದೆ ಇನ್ನೊಂದು ಗೇಟು, ಅದರ ಹಿಂದೆ ರಸ್ತೆಯವರೆಗೂ ಲಾರಿಗಳು. ಡ್ರೈವರುಗಳು ಅವನನ್ನು ತಾಡಪತ್ರಿಯಲ್ಲಿ ಮಲಗಿಸಿ, ಗೇಟಿನ ಕೋಲಿನ ಕೆಳಗೆ ಬಗ್ಗಿ ದಾಟಿಸಿದರು.

ಅವನು ಉಳಿದ. ಕಲಬುರಗಿಯ ಆಸ್ಪತ್ರೆಯ ವರಾಂಡದಲ್ಲಿ ಅಜಯಕುಮಾರ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಲುಂಬಿನಿ ಬೆಂಚಿನ ಮೇಲೆ ಕುಳಿತು ಅವನ ಚಪ್ಪಲಿಯ ಸದ್ದು ಕೇಳುತ್ತಿದ್ದಳು.

“ಪ್ರೋಗ್ರಾಮ್ ಸತ್ತಿದ್ರ ಛಲೋ ಆಗ್ತಿತ್ತು ಲುಂಬಿ. ಸಾಯ್ಲಿಲ್ಲ. ಅದೇ ಗೋಳು.”

“ಅಂದ್ರ?”

“ಪ್ರಿಂಟರಿನಾಗ ಕಾಗದ ಮುಗೀತು, ಕ್ಯಾಮೆರಾದ ವಾಯರ್ ಕಳಚ್ತು, ಎಲ್ಲಾದಕ್ಕೂ ನಾ ಹಾದಿ ಮಾಡೀನಿ. ದೊಡ್ಡ ಪೆಟ್ಟು ಬಿತ್ತಂದ್ರ ಹ್ಯಾಂಗೂ ಎಲ್ಲಾ ಒಮ್ಮೆಲೇ ಬೀಳ್ತದ, ಕಾವಲಿನವ ಎಬ್ಬಸ್ತಾನ, ಅದಕ್ಯಾಕ ತಲಿ ಕೆಡಿಸ್ಕೊಳ್ಳಿ ಅಂದ್ಕೊಂಡಿದ್ದೆ. ಆದ್ರ ಒಂದೇ ಎಳಿ ಸತ್ತು, ಉಳಿದಾವು ಉಸರಾಡ್ಕೋತ ನಿಂತ್ವು. ಕಾವಲಿನವ ನೋಡ್ತಾನ, ಉಸರು ಅದ. ಸುಮ್ನಾಗ್ತಾನ.” ಅವನು ನಿಂತು ಗೋಡೆಗೆ ಅಂಗೈ ಒತ್ತಿದ. “ಸತ್ತವನ ಕೈಯಾಗ ಕೀಲಿ. ಇದ್ದವರು ಅವ ಬಿಡ್ತಾನಂತ ಕಾಯ್ಲಿಕತ್ತಾರ.”

“ಕುಂದ್ರೋ ಅಜಯ.”

“ರೇವಣಪ್ಪ ಕಾಕಾ ಕುಂತೇ ಇದ್ದನಲ್ಲ” ಎಂದು ಅವನು ಮತ್ತೆ ನಡೆಯತೊಡಗಿದ.

ಮೊದಲ ರಿಪೇರಿ ಸುಲಭದ್ದು. ಥ್ರೆಡ್ ಹೇಗೇ ಮುಗಿಯಲಿ, ಕೆಲಸ ಮುಗಿಸಿಯೇ ಮುಗಿಯಲಿ, ನಡುವೆ ಬಿದ್ದೇ ಮುಗಿಯಲಿ, ಹೊರಡುವ ಮುನ್ನ ಲಾಕ್ ಬಿಟ್ಟೇ ಹೊರಡುವಂತೆ ಅವನು ಬರೆದ. ಯಾರ್ಡಿನ ಅಧಿಕಾರಿ ಅಣವೀರಪ್ಪ ಸಮಾಧಾನಪಟ್ಟರು. ಆದರೆ ಮುಂದಿನ ಸಲ ಮೆಮೊರಿ ತುಂಬಿದಾಗ ಲಾಕ್ ಬಿಟ್ಟುಹೋದ ಥ್ರೆಡ್ ಲಾರಿಯ ನಂಬರು ಬರೆದು, ತೂಕ ಬರೆಯುವ ಮೊದಲೇ ಸತ್ತಿತ್ತು. ಕಾಯುತ್ತಿದ್ದ ಇನ್ನೊಂದು ಬಂದು, ಅರ್ಧ ಬರೆದ ಆ ಸಾಲಿನ ಮುಂದೆ ತನ್ನ ಕಾಟಾದ ಲಾರಿಯ ತೂಕ ಸೇರಿಸಿತು. ಆ ನಂಬರು ಚಿಂಚೋಳಿ ಕಡೆಯ ಒಬ್ಬ ಡ್ರೈವರನದು; ಅವನ ಲಾರಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಸಿಮೆಂಟು ಇದೆಯೆಂದು ಹೊರಗೇಟಿನಲ್ಲಿ ಹಿಡಿದು, ಹೊತ್ತು ಮುಳುಗುವ ತನಕ ಕಳ್ಳನೆಂದು ಬಿಸಿಲಲ್ಲಿ ಕೂರಿಸಿದರು.

ಅಜಯಕುಮಾರ ಹೋಗಿ ಆ ಮನುಷ್ಯನ ಕೈ ಹಿಡಿದು ತಪ್ಪು ತನ್ನದೆಂದ. ಆ ಮನುಷ್ಯ ಕೈ ಬಿಡಿಸಿಕೊಂಡು ಲಾರಿ ಹತ್ತಿದ. ಅಂದಿನಿಂದ ಅಜಯಕುಮಾರ ಸರಿಯಾಗಿ ಉಣ್ಣಲಿಲ್ಲ. ಪ್ಯಾಸೆಂಜರಿನ ಬಾಗಿಲಲ್ಲಿ ನಿಂತು, ಕಾಗಿಣಾ ದಾಟುವಾಗ ನೀರಿನ ಕಡೆ ನೋಡುತ್ತಲೂ ಅವನ ತುಟಿ ಅಲುಗುತ್ತಿತ್ತು. ಲುಂಬಿನಿಗೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಮನೆಯಲ್ಲಿ ಭಾಗ್ಯಳ ಗತಿ ಏನು ಎಂದು ಕೇಳಿದರೆ, “ಅಕಿನೂ ಇದನ್ನೇ ಕೇಳ್ತಾಳ” ಎನ್ನುತ್ತಿದ್ದ.

ರೇವಣಪ್ಪ ತಿರುಗಿ ಕೆಲಸಕ್ಕೆ ಬಂದ ದಿನ ಅಜಯಕುಮಾರ ನೇರವಾಗಿ ಬೇವಿನ ಮರದ ಕೆಳಗೆ ಹೋದ. ಲುಂಬಿನಿ ಹಿಂದೆ ಹೋದಳು.

“ಒಂದು ಮಾತು ಕೇಳ್ರಿ” ಎಂದ ಅವನು. “ಮನಷ್ಯಾ ಕಾಣವಲ್ಲ ಅಂದ್ರ ಅವನ ಕಲ್ಲು ತೆಗೀರಿ. ಕಲ್ಲು ನೋಡಿ ಸುಮ್ಮ ಕುಂದ್ರಬ್ಯಾಡ್ರಿ.”

ಯಾರೂ ಒಪ್ಪಲಿಲ್ಲ. “ಬ್ಯಾರೇದವ್ರ ಕಲ್ಲು ಮುಟ್ಟಬಾರದ್ರಿ ಸಾಹೇಬ್ರ” ಎಂದ ಒಬ್ಬ. “ಇವತ್ತ ಮುಟ್ಟಿದ್ರ ನಾಳಿ ಯಾರ ಪಾಳಿನೂ ಉಳಿಯಂಗಿಲ್ಲ.”

“ಮತ್ತ ಅವತ್ತ ನಾ ಹೋಗಿಬಿಟ್ಟಿದ್ರ?” ರೇವಣಪ್ಪ ಕೇಳಿದ. “ನನ್ನ ಕಲ್ಲಿಗಿ ಊದಿನಕಡ್ಡಿ ಹಚ್ಚಿ ಅದರ ಹಿಂದ ಪಾಳಿ ಹಚ್ಚತಿದ್ರೇನು?”

“ನಿನ್ನ ಕಲ್ಲಿಗಿ ಊದಿನಕಡ್ಡಿ ದಂಡ ಕಾಕಾ. ಒಂದು ಬೀಡಿ ಇಡತಿದ್ವಿ.”

ನಗೆ ಎದ್ದಿತು. ಮೊದಲು ಮಾತಾಡಿದವನು ಮಾತ್ರ ಬಿಡಲಿಲ್ಲ. “ಕಲ್ಲು ತೆಗದ್ರಿ ಅಂದ್ರ ಅವ ಇದ್ದ ಅನ್ನೋದೇ ಹೋಯ್ತಲ್ರಿ. ಎಲ್ಲಿಗಿ ಹೋದ, ಅರ್ಧಾ ಕೆಲಸ ಬಿಟ್ಟು ಹೋದನೋ ಪೂರಾ ಮಾಡಿ ಹೋದನೋ, ಹಿಂದ ಬಂದವಗ ಏನು ಗೊತ್ತು? ತನ್ನ ಪಾಳಿ ಅಂತ ನುಗ್ತಾನ.”

ಅಷ್ಟು ಹೊತ್ತು ಮರದ ಸುತ್ತ ಕಾಲಾಡಿಸುತ್ತಿದ್ದ ಅಜಯಕುಮಾರ ನಿಂತ. ಲುಂಬಿನಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ಚಿಂಚೋಳಿಯ ಡ್ರೈವರನಿಗೆ ಆದದ್ದು ಇದೇ ಅಲ್ಲವೇ? ತಾವಿಬ್ಬರೂ ಲಾಕ್ ಬಿಡಿಸಿದ್ದರು, ಅಷ್ಟೆ. ಹಿಡಿದಿದ್ದವನು ಕೆಲಸದ ನಡುವೆ ಸತ್ತ ಎಂಬ ಸುದ್ದಿಯನ್ನು ಮುಂದಿನವನಿಗೆ ಹೇಳಿರಲಿಲ್ಲ.

“ತೆಗೀಬ್ಯಾಡ್ರಿ” ಎಂದ ಅಜಯಕುಮಾರ. “ಬೋರಲ ಹಾಕ್ರಿ. ನಂಬರ್ ಕೆಳಗ ಮಾಡಿ. ಬೋರಲ ಕಲ್ಲು ಅಂದ್ರ, ಇಂವಗ ಏನೋ ಆಗ್ಯದ, ಮೊದಲು ಅವನ್ನ ನೋಡ್ಕೊಂಡು ಬರ್ರಿ, ಆಮ್ಯಾಲ ಮುಂದ ಹೋಗ್ರಿ ಅಂತ.”

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಲು ಹಾಕುವುದಕ್ಕೂ ಕಲ್ಲು ಮುಟ್ಟಲೇಬೇಕಲ್ಲ ಎಂದು ಒಬ್ಬ ತಗಾದೆ ತೆಗೆದ. ರೇವಣಪ್ಪ ಎದ್ದು ಹೋಗಿ, ಕಟ್ಟೆಯ ಮೇಲಿದ್ದ ತನ್ನ ಕಲ್ಲನ್ನು ತಾನೇ ಬೋರಲು ಹಾಕಿ, “ಹೋಗ್ರಿ, ನನ್ನ ಹುಡಕ್ರಿ” ಎಂದು ಲಾರಿಯ ಹಿಂದೆ ಹೋಗಿ ಕುಳಿತುಬಿಟ್ಟ. ನಗುತ್ತಲೇ ಇಬ್ಬರು ಹುಡುಕಲು ಹೋದರು. ಹಾಗೆ ಆ ರೂಢಿ ಬಂತು.

ಪ್ರೋಗ್ರಾಮನ್ನೂ ಅವರಿಬ್ಬರೂ ಹಾಗೆಯೇ ತಿದ್ದಿದರು. ದೊಡ್ಡ ಪೆಟ್ಟು ತಿಂದ ಥ್ರೆಡ್ ಲಾಕ್ ಬಿಡಬೇಕು, ಜೊತೆಗೆ ತಾನು ಬರೆಯುತ್ತಿದ್ದ ಸಾಲಿಗೆ ಅನುಮಾನದ ಗುರುತು ಹಾಕಬೇಕು. ಆಮೇಲೆ ಇಡೀ ಪ್ರೋಗ್ರಾಮೇ ತನ್ನನ್ನು ತಾನು ಪೂರ್ತಿ ಮುಗಿಸಿಕೊಳ್ಳಬೇಕು. ಅರೆಜೀವ ಹಿಡಿದು ನಿಲ್ಲಕೂಡದು. ಕಾವಲು ಪ್ರೋಗ್ರಾಮು ಹೊಸದಾಗಿ ಎಬ್ಬಿಸಿದಾಗ ಅದು ಗುರುತಿರುವ ಸಾಲನ್ನು ಪಕ್ಕಕ್ಕಿಟ್ಟು, ಆ ಲಾರಿಯನ್ನು ಮತ್ತೆ ತೂಗಿಸಬೇಕು.

ಗೇಟಿನ ಮೋಟರನ್ನೂ ಅವನು ಬದಲಿಸಿದ. ಮೊದಲು ‘ಏಳು’ ಎಂದು ಪ್ರೋಗ್ರಾಮು ಹೇಳಿದರೆ ಮಾತ್ರ ಗೇಟು ಏಳುತ್ತಿತ್ತು. ಈಗ ‘ಇಳಿದಿರು, ಇಳಿದಿರು’ ಎಂದು ಅದು ಹೇಳುತ್ತಲೇ ಇರಬೇಕು. ಮಾತು ನಿಂತರೆ ಸ್ಪ್ರಿಂಗಿನ ಬಲದಿಂದ ಗೇಟು ತಾನೇ ಏಳುತ್ತದೆ.

“ಮುಚ್ಚಿರಬೇಕಂದ್ರ ಜೀವ ಬೇಕು” ಎಂದ ಅವನು. “ತೆರೀಲಿಕ್ಕ ಯಾರೂ ಬ್ಯಾಡ.”

ಉಳಿದದ್ದು ಪರೀಕ್ಷೆ. ಕೋಣೆಯಲ್ಲಿ ಸಾಕಷ್ಟು ಮಾಡಿದ್ದರು. ಆದರೆ ಅಜಯಕುಮಾರನಿಗೆ ಯಾರ್ಡಿನಲ್ಲಿ, ಕಾಟಾದ ಮೇಲೆ ಲಾರಿ ಇರುವಾಗ, ಬೇಕೆಂದೇ ಮೆಮೊರಿ ತುಂಬಿಸಿ ನೋಡಬೇಕಿತ್ತು. ಅಣವೀರಪ್ಪ ಕುರ್ಚಿಯಿಂದ ಅರ್ಧ ಎದ್ದರು.

“ಚಾಲೂ ಕಾಟಾ ಬೇಕಂತ ಕೆಡಸ್ತೀರಾ? ತಲಿ ಬರಾಬರ್ ಅದ ಏನ್ರಿ?”

“ತಾನೇ ಕೆಟ್ಟಾಗ ನೋಡೋದಕ್ಕಿಂತ ಛಲೋ ಅಲ್ರಿ ಸರ್?”

“ಒಳಗ ಯಾರನ್ನ ಕುಂದ್ರಸ್ತೀರಿ? ಇನ್ನೊಬ್ಬ ರೇವಣಪ್ಪನ್ನ?”

“ನಾ ಕುಂದರ್ತೀನಿ.”

ಅಣವೀರಪ್ಪ ಲುಂಬಿನಿಯನ್ನು ನೋಡಿದರು. ಈ ಮನುಷ್ಯ ಕುಳಿತುಕೊಳ್ಳುತ್ತಾನೆಯೇ ಎಂದು ಕೇಳುವಂತಿತ್ತು ಆ ನೋಟ. ಕೊನೆಗೆ, ಊಟದ ಹೊತ್ತಿನಲ್ಲಿ, ಯಾವುದಕ್ಕೂ ಇರಲೆಂದು ಗೇಟಿಗೆ ಕೈಯಿಂದ ಎತ್ತುವ ಸರಪಳಿ ಹಾಕಿಸಿ, ಒಪ್ಪಿದರು.

ರೇವಣಪ್ಪನೇ ತನ್ನ ಲಾರಿ ಹತ್ತಿಸಿದ. ಪಕ್ಕದಲ್ಲಿ ಅಜಯಕುಮಾರ. ಎರಡೂ ಗೇಟು ಇಳಿದವು. ಲುಂಬಿನಿ ತಸ್ಲೀಮಳ ಪಕ್ಕ ಕುಳಿತು ಮೆಮೊರಿ ತುಂಬಿಸುವ ಪ್ರೋಗ್ರಾಮನ್ನು ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟಳು. ಫೋನಿನಲ್ಲಿ ಕ್ಯಾಬಿನ್ನಿನ ಮಾತು ಕೇಳುತ್ತಿತ್ತು.

“ಸಾಹೇಬ್ರ, ಗಾಡಿ ಬಂದ್ ಅದ, ಆದ್ರೂ ಅಳ್ಳಾಡ್ಲಿಕತ್ತದ. ಕಾಲು ನಿಲ್ಲಸ್ರಿ, ತೂಕ ನಿಲ್ಲವಲ್ದು.”

“ಕಾಕಾ, ನಿಮಗ ಅಂಜಿಕಿ ಆಗಾಂಗಿಲ್ಲೇನು?”

“ಆಗ್ತದರಿ. ಅದಕ್ಕ ಉಂಡು ಬಂದೀನಿ.”

“ಲುಂಬಿ, ಒತ್ತು.”

ಅವಳು ಒತ್ತಿದಳು. ಪರದೆ ತಡವರಿಸಿತು, ನಿಂತಿತು. ಅವಳು ಕಿಟಕಿಯಿಂದ ಗೇಟು ನೋಡಿದಳು. ಅದು ಏಳಲಿಲ್ಲ. ಕಾದಳು. ಬಿಸಿಲು ಕಬ್ಬಿಣದ ಹಾಸಿನ ಮೇಲೆ ಕುಣಿಯುತ್ತಿತ್ತು. ಏಳಲಿಲ್ಲ. ‘ಸ್ವಲ್ಪ ಕಾಯಿರಿ’ಯ ಪಕ್ಕ ಮತ್ತೆ ಅದೇ ಚಕ್ರ ತಿರುಗುತ್ತಿತ್ತು. ತಸ್ಲೀಮ್ “ಯಾ ಅಲ್ಲಾ” ಎಂದು ಎದ್ದಳು. ಲುಂಬಿನಿ ಓಡಿಹೋಗಿ ಸರಪಳಿ ಎಳೆದಳು. ಗೇಟು ಎದ್ದಿತು.

ಅಜಯಕುಮಾರ ಇಳಿಯಲಿಲ್ಲ. ಬೆವರು ಇಳಿಯುವ ಮುಖ ಕಿಟಕಿಗೆ ತಂದು ಕೂಗಿದ. “ಎಲ್ಲಿ ನಿಂತದ ನೋಡಿದಿ?”

“ಮೊದಲು ಇಳಿಯೋ!”

“ಎಲ್ಲಿ ನಿಂತದ?”

ಅವಳು ನೋಡಿ ಬಂದು ಹೇಳಿದಳು. ಪೆಟ್ಟು ತಿಂದ ಥ್ರೆಡ್ ಮೊದಲು ಏನಾಯಿತೆಂದು ವಿವರವಾದ ಸಂದೇಶ ಬರೆಯಲು ಹೋಗಿತ್ತು. ಸಂದೇಶ ಬರೆಯುವುದಕ್ಕೂ ಮೆಮೊರಿ ಬೇಕು. ಮೆಮೊರಿ ಇಲ್ಲವೆಂದೇ ತಾನೇ ಅದು ಬಿದ್ದದ್ದು? ಆ ಸಂದೇಶದಲ್ಲೇ ಎರಡನೇ ಸಲ ಬಿತ್ತು. ಲಾಕ್ ಬಿಡುವ ಸಾಲು, ಗೇಟಿನ ಮಾತು ನಿಲ್ಲಿಸುವ ಸಾಲು, ಎಲ್ಲ ಅದರ ಕೆಳಗಿದ್ದವು. ಅಲ್ಲಿಗೆ ಅದು ತಲುಪಲೇ ಇಲ್ಲ. ಉಳಿದ ಥ್ರೆಡ್‌ಗಳು ‘ಇಳಿದಿರು, ಇಳಿದಿರು’ ಎನ್ನುತ್ತಲೇ ಇದ್ದವು. ಕೋಣೆಯ ಕಂಪ್ಯೂಟರಿನಲ್ಲಿ ಮೆಮೊರಿ ಯಾರ್ಡಿನದಕ್ಕಿಂತ ಹೆಚ್ಚಿತ್ತು; ಅಲ್ಲಿ ಸಂದೇಶಕ್ಕೆ ಆಗುವಷ್ಟು ಉಳಿದಿತ್ತು, ಇಲ್ಲಿ ಉಳಿಯಲಿಲ್ಲ.

ಅಜಯಕುಮಾರ ಹಣೆ ಒರೆಸಿಕೊಂಡ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. “ಸಾಯೋ ಮುಂದ ಭಾಷಣ ಮಾಡಾಕ ಹೋಗ್ಯದ” ಎಂದ. “ನಂದೇ ಬುದ್ಧಿ ಅದಕ್ಕೂ ಬಂದದ. ಮೊದಲು ಗೇಟು ಲುಂಬಿ, ಆಮ್ಯಾಲ ಮಾತು.”

ಸೇಡಂಗೆ ಮರಳಿ ಅವರು ಸಾಲುಗಳ ಕ್ರಮ ಬದಲಿಸಿದರು. ಅನುಮಾನದ ಗುರುತಿಗೂ ಕೊನೆಯ ಸಂದೇಶಕ್ಕೂ ಬೇಕಾಗುವಷ್ಟು ಜಾಗವನ್ನು ಪ್ರೋಗ್ರಾಮು ಶುರುವಾಗುವಾಗಲೇ ಬೇರೆ ಎತ್ತಿಟ್ಟರು. ಬಿದ್ದಾಗ ಹೊಸದಾಗಿ ಏನನ್ನೂ ಬೇಡಬಾರದು, ಇದ್ದದ್ದರಲ್ಲೇ ಮುಗಿಸಬೇಕು. ಗೇಟು, ಗುರುತು, ಲಾಕ್. ಎಲ್ಲ ಆದ ಮೇಲೆ ಜಾಗ ಮಿಕ್ಕರೆ ಮಾತು.

ಎರಡನೇ ಪರೀಕ್ಷೆಗೆ ಅಣವೀರಪ್ಪನವರೇ ಬಂದು ಬೇವಿನ ಕೆಳಗೆ ನಿಂತರು. ಕ್ಯಾಬಿನ್ನಿನಲ್ಲಿ ಮತ್ತೆ ರೇವಣಪ್ಪ, ಪಕ್ಕದಲ್ಲಿ ಅಜಯಕುಮಾರ. ಲುಂಬಿನಿ ಒತ್ತಿದಳು. ಪರದೆ ಕಪ್ಪಾಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡೂ ಗೇಟುಗಳು ಒಟ್ಟಿಗೆ ಎದ್ದವು. ರೇವಣಪ್ಪ ಮದುವೆಯ ಲಾರಿಯ ಹಾಗೆ ಹಾರ್ನು ಹೊಡೆದ. ಅವಳು ಹೊರಗೆ ಓಡಿಬಂದಾಗ ಅಜಯಕುಮಾರ ಕ್ಯಾಬಿನ್ನಿನಲ್ಲಿ ಸುಮ್ಮನೆ ಕುಳಿತಿದ್ದ. ಎರಡೂ ಕೈ ತೊಡೆಯ ಮೇಲೆ. ಕಾಲು ಅಲುಗುತ್ತಿರಲಿಲ್ಲ. ಅವನನ್ನು ಹಾಗೆ ಅವಳು ನೋಡಿದ್ದು ಅದೊಂದೇ ಸಲ.

ಅದರಿಂದ ಅವನಿಗೆ ನೆಮ್ಮದಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. “ಇದಲ್ಲದ ಇನ್ನೊಂದು ಪೆಟ್ಟು ಇರತದ, ನಮಗ ಗೊತ್ತಿಲ್ಲದ್ದು” ಎನ್ನುತ್ತಿದ್ದ. ಫೋನು ಹೊಡೆದುಕೊಂಡರೆ ಮೊದಲಿನಂತೆಯೇ ಬೆಚ್ಚುತ್ತಿದ್ದ. ತಲೆ ನೋಯುತ್ತದೆ ಎಂದು ಎರಡು ಮೂರು ಸಲ ಹೇಳಿದ್ದ. ತೋರಿಸು ಎಂದರೆ, ಹೋಗೋಣ ಬಿಡು ಎಂದಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಪ್ಯಾಸೆಂಜರ್ ಚಿತ್ತಾಪುರಕ್ಕೆ ಬಂದು ನಿಂತಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಕುಳಿತಿರಬಹುದೇ ಎಂದು ನಗು ಬಂದು ಲುಂಬಿನಿ ಒಳಗೆಲ್ಲ ನೋಡಿದಳು. ಫೋನು ಮಾಡಿದಳು. ಯಾರೋ ಎತ್ತಿದರು.

“ಈ ಫೋನಿನ ಮನಷ್ಯಾ ಇಲ್ಲಿ ವಾಡಿ ಸ್ಟೇಶನ್ನಿನಾಗ ಬಿದ್ದಾನ್ರಿ. ನೀವು ಅವಗ ಏನಾಗ್ಬೇಕು?”

ಕಲಬುರಗಿಯ ಆಸ್ಪತ್ರೆಗೆ ಒಯ್ಯಿರಿ ಎಂದಳು ಅವಳು. ಗಾಡಿ ಬಿಟ್ಟಿತ್ತು. ಮಳಖೇಡದಲ್ಲಿ ಇಳಿದು, ಸಿಕ್ಕ ಜೀಪು ಹತ್ತಿ ಕಲಬುರಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ಶಹಾಬಾದಿನಲ್ಲಿ ಬಿಳಿ ಬಟ್ಟೆ ಉಟ್ಟ ನೆಂಟರು ಬೌದ್ಧ ರೀತಿಯಲ್ಲಿ ತ್ರಿಶರಣ, ಪಂಚಶೀಲ ಹೇಳಿದರು. ಮೇಣದಬತ್ತಿ ಗಾಳಿಗೆ ಆರುತ್ತಿತ್ತು, ಭಾಗ್ಯ ಮತ್ತೆ ಮತ್ತೆ ಹಚ್ಚುತ್ತಿದ್ದಳು. ಲುಂಬಿನಿ ನಿಂತೇ ಇದ್ದಳು. ಯಾರೋ ಕುಂದ್ರವ್ವಾ ಎಂದರು. ಕೂರಲು ಆಗಲಿಲ್ಲ.

ಫೋನು ಅವಳ ಕೈಗೆ ಬಂದ ಮೇಲೆ ಅದು ಹೊಡೆದುಕೊಳ್ಳಲಿಲ್ಲ. ಮರುದಿನವೂ ಇಲ್ಲ. ಅವಳು ತೆಗೆದು ತೆಗೆದು ನೋಡಿದಳು, ಸದ್ದು ಹೆಚ್ಚಿಸಿದಳು. ಬಡಿದುಕೊಂಡರೆ ಏನು ಹೇಳುವುದೆಂಬ ಭಯ ಹೋಗಿ, ಯಾಕೆ ಬಡಿದುಕೊಳ್ಳುತ್ತಿಲ್ಲವೆಂಬ ಭಯ ಹಿಡಿಯಿತು. ಮತ್ತೆ ಯಾರಾದರೂ ಆ ಕ್ಯಾಬಿನ್ನಿನಲ್ಲಿ ಕುಳಿತು ಕಾಯುತ್ತಿದ್ದರೆ? ಚಕ್ರ ತಿರುಗುವುದನ್ನು ನೋಡುತ್ತ ತಸ್ಲೀಮ್ ಸುಮ್ಮನಿದ್ದರೆ? ಅವಳು ಪ್ಯಾಸೆಂಜರ್ ಹತ್ತಿ ಬಾಗಿಲಲ್ಲೇ ನಿಂತು ಹೋದಳು.

ತಸ್ಲೀಮ್ ಅವಳನ್ನು ಕಂಡು ಕಿಟಕಿ ಬಿಟ್ಟು ಬಂದು ಅಪ್ಪಿಕೊಂಡಳು.

“ಮಣ್ಣಿಗಿ ಬರಬೇಕಂತ ಇದ್ವಿ ಲುಂಬಿನಿ. ಹೊರಡಾಕ ನಿಂತಾಗಲೇ ಕಾಟಾ ಬಂದ್ ಬಿತ್ತು.”

ಲುಂಬಿನಿ ಅಪ್ಪುಗೆ ಬಿಡಿಸಿಕೊಂಡಳು. “ಯಾವಾಗ? ಒಳಗ ಯಾರಿದ್ರು?”

“ಮಣ್ಣಿನ ದಿನಾನೇ. ಯಾರೋ ಬೀದರ್ ಕಡಿಯವ ಇದ್ದ. ಅವಗ ಗೊತ್ತೇ ಆಗಿಲ್ಲ. ಗೇಟ್ ತಾವೇ ಎದ್ವು, ಕಂಪ್ಯೂಟರ್ ತಾನೇ ಮತ್ತ ಬಂತು, ಇವನ್ನ ಇನ್ನೊಮ್ಮೆ ತೂಗು ಅಂತ ಹೇಳ್ತು. ತೂಗಿ ಕಳಿಸ್ದೆ.”

“ಫೋನ್ ಯಾಕ ಮಾಡ್ಲಿಲ್ಲ?”

ತಸ್ಲೀಮ್ ಅವಳನ್ನು ನೋಡಿದಳು. “ಏನಂತ ಮಾಡ್ಲಿ? ಏನೂ ಆಗಿದ್ದಿಲ್ಲಲ್ಲ.”

ಲುಂಬಿನಿ ಪರದೆಯ ಮುಂದೆ ಕುಳಿತು ಆ ಹೊತ್ತಿನ ದಾಖಲೆ ತೆಗೆದಳು. ಅನುಮಾನದ ಗುರುತು ಇತ್ತು. ಕೊನೆಯ ಸಂದೇಶ ಅರ್ಧಕ್ಕೇ ನಿಂತಿತ್ತು. ಮಾತಿಗೆ ಜಾಗ ಸಾಲಲಿಲ್ಲ. ಗೇಟಿಗೆ ಸಾಕಾಗಿತ್ತು. ಅವಳು ಇದನ್ನು ಈಗಲೇ ಅವನಿಗೆ ಹೇಳಬೇಕೆಂಬಂತೆ ಬ್ಯಾಗಿಗೆ ಕೈ ಹಾಕಿದಳು. ಕೈಗೆ ಬಂದದ್ದು ಅವನದೇ ಫೋನು.

ಹೊರಗೆ ಹಾರ್ನು ಕೇಳಿಸಿತು. ಮೊದಲ ಕಾಟಾದ ಮೇಲೆ ರೇವಣಪ್ಪನ ಲಾರಿ ನಿಂತಿತ್ತು. ಹೈದರಾಬಾದಿಗೆ ಮಾಲು ಹೊತ್ತು ಹೋಗಿದ್ದವನು ಈಗ ತಾನೇ ಬಂದಿದ್ದ. ಅವಳನ್ನು ಕಂಡು ಕಿಟಕಿಯಿಂದ ತಲೆ ಹಾಕಿದ.

“ಏನ್ರಿ ಅಕ್ಕೋರ, ಒಬ್ಬರೇ? ನಮ್ಮ ಸಾಹೇಬ್ರು ಎಲ್ಲಿ? ಇನ್ನೊಮ್ಮೆ ಕೆಡಸಾಕ ಬಂದೀರೇನು? ಮೊದಲೇ ಹೇಳ್ರಿ ಮತ್ತ, ನಾ ಉಂಡಿಲ್ಲ!”

ಅವಳು ಕಾಟಾದ ಪಕ್ಕಕ್ಕೆ ಬಂದು ನಿಂತಳು. ರೇವಣಪ್ಪನ ನಗು ಮುಖದ ಮೇಲೇ ಉಳಿದು, ನಿಧಾನವಾಗಿ ಇಳಿಯಿತು. ಅವನು ಅವಳ ಬಿಳಿ ಸೀರೆ ನೋಡಿದ, ಅವಳ ಕೈಯಲ್ಲಿದ್ದ ಫೋನು ನೋಡಿದ. ಆ ಫೋನು ಅವನಿಗೆ ಗುರುತಿತ್ತು.

ತೂಕ ದಾಖಲಾಯಿತು. ಮುಂದಿನ ಗೇಟು ಎದ್ದಿತು. ರೇವಣಪ್ಪ ಲಾರಿ ಬಿಡಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದ. ಹಿಂದಿನ ಲಾರಿ ಒಮ್ಮೆ ಹಾರ್ನು ಹೊಡೆಯಿತು, ಅದರ ಹಿಂದಿನದು ಇನ್ನೊಮ್ಮೆ.

“ಕಾಕಾ, ಗೇಟ್ ಎದ್ದದ” ಎಂದಳು ಲುಂಬಿನಿ. “ಮುಂದ ಹೋಗಿ ನಿಂದ್ರಸ್ರಿ. ನಾ ಅಲ್ಲಿಗೇ ಬಂದು ಹೇಳ್ತೀನಿ.”

ಅವನು ಗೇರು ಹಾಕಿದ. ಲಾರಿ ಕಬ್ಬಿಣದ ಹಾಸಿನಿಂದ ಇಳಿಯಿತು. ಅವಳು ಅದರ ಹಿಂದೆಯೇ ನಡೆದಳು.